ಹುಟ್ಟುಗೋಲಿಗೆ ಕಿವಿಯಿಟ್ಟ ಅಪ್ಪ

ಇದು ಹೀಗೆಯೇ ನಡೆಯಿತು ಎಂದು ನಾನು ಆಣೆಯಿಟ್ಟು ಹೇಳಲಾರೆ. ಇಷ್ಟು ವರ್ಷಗಳಲ್ಲಿ ಇದನ್ನು ಹಲವರಿಗೆ ಹೇಳಿದ್ದೇನೆ. ಈಗ ನನಗೆ ನೆನಪಿರುವುದು ಆ ದಿನವೋ, ಅದರ ಬಗ್ಗೆ ನಾನು ಹೇಳುತ್ತ ಬಂದ ಮಾತುಗಳೋ ಎಂಬುದೇ ಗೊತ್ತಾಗುವುದಿಲ್ಲ. ಅಂದು ಜೊತೆಗೆ ಬಂದಿದ್ದ ಗೆಳೆಯ ಫಣಿ, "ಮಂಜು ಕವಿದಿತ್ತು ಅಂತೀಯಲ್ಲ, ಅವತ್ತು ಒಳ್ಳೇ ಬಿಸಿಲಿತ್ತು" ಎನ್ನುತ್ತಾನೆ. ಅವನು ದಡದಲ್ಲಿದ್ದ, ನಾನು ನೀರಿನ ಮೇಲಿದ್ದೆ. ಇಬ್ಬರದೂ ನಿಜವಿರಬಹುದು.

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದಿದವನು. ಇಂಥ ಸಂಗತಿಗಳನ್ನು ನಂಬಿದವನಲ್ಲ. ನಮ್ಮ ಚಿಕ್ಕಮ್ಮ ರಾಯಚೂರಿನಿಂದ ಬಂದಾಗಲೆಲ್ಲ ದೆವ್ವದ ಮಾತು ತೆಗೆಯುತ್ತಿದ್ದಳು. ನಾನು ನಡುವೆ ಬಾಯಿ ಹಾಕಿ, ಆಗ ಗಂಟೆ ಎಷ್ಟಾಗಿತ್ತು, ದೀಪ ಇತ್ತೋ ಇಲ್ಲವೋ, ನೀನು ನೋಡಿದ್ದೋ ಯಾರೋ ಹೇಳಿದ್ದೋ ಎಂದು ಕೇಳುತ್ತಿದ್ದೆ. "ನಿನಗ ಹೇಳೂದಕ್ಕಿಂತ ಈ ಗ್ವಾಡಿಗೆ ಹೇಳಿದ್ರ ಪಾಡ" ಎಂದು ಅವಳು ಎದ್ದು ಹೋಗುತ್ತಿದ್ದಳು. ಈಗ ಅದೇ ಪ್ರಶ್ನೆಗಳನ್ನು ನನಗೆ ನಾನೇ ಕೇಳಿಕೊಳ್ಳುತ್ತ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಪ್ಪ ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವರು. ಯಾವುದಾದರೂ ಯಂತ್ರ ಕೆಟ್ಟರೆ ಅವರು ಮೊದಲು ಅದನ್ನು ಬಿಚ್ಚುತ್ತಿರಲಿಲ್ಲ. ಓಡುತ್ತಿರುವ ಯಂತ್ರದ ಮೈಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿ, ಹಿಡಿಕೆಗೆ ಕಿವಿಯಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಸದ್ದು ಬಹಳ ಸಣ್ಣದಾಗಿದ್ದರೆ ಹಿಡಿಕೆಯನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದರು. ಹಳೆಯ ಫಿಟ್ಟರುಗಳೆಲ್ಲ ಮಾಡುವ ಕೆಲಸವೇ ಅದು. ಸದ್ದು ಹಲ್ಲಿನಿಂದ ಎಲುಬಿಗೆ, ಎಲುಬಿನಿಂದ ಒಳಗಿವಿಗೆ ಹೋಗುತ್ತದೆ. ಚಿಕ್ಕವನಿದ್ದಾಗ ನಾನು ನಮ್ಮ ಮನೆಯ ಫ್ಯಾನಿನ ಸದ್ದನ್ನು ಹಾಗೆ ಕೇಳಿಸಿಕೊಂಡು, ಅದರೊಳಗೆ ಯಾರೋ ಜೋಳ ಬೀಸುತ್ತಿದ್ದಾರೆ ಎಂದು ಹೇಳಿದ್ದೆನಂತೆ.

ಕೊನೆಕೊನೆಗೆ ಅಪ್ಪನಿಗೆ ಕಿವಿ ಮಂದವಾಯಿತು. ನಿವೃತ್ತಿಯ ಹೊತ್ತಿಗೆ ಕ್ಷಯವಾಗಿ ಎರಡು ತಿಂಗಳು ದಿನಕ್ಕೊಂದು ಇಂಜೆಕ್ಷನ್ ತೆಗೆದುಕೊಂಡಿದ್ದರು. ಅದು ವಾಸಿಯಾದ ಮೇಲೆ ಮಾತನ್ನೂ ಕಡಿಮೆ ಮಾಡಿದರು. ಆಗೆಲ್ಲ ಅವ್ವ ಇದ್ದಳು. ಅಪ್ಪನಿಗೆ ಏನು ಹೇಳಬೇಕಾದರೂ ನಾವು ಅವ್ವನಿಗೆ ಹೇಳುತ್ತಿದ್ದೆವು. ಅವಳು ಅವರ ಎದುರಿಗೆ ಕೂತು, ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ ಅದನ್ನೇ ಮತ್ತೆ ಹೇಳುತ್ತಿದ್ದಳು. ಅವ್ವ ಹೋದ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರೇ. ನಾನು ಹಿಂದಿನಿಂದ ಕರೆದರೆ ಅವರು ತಿರುಗುತ್ತಿರಲಿಲ್ಲ. ಊಟ ಆಯಿತೇ ಎಂದರೆ ಹಾಲಿನವ ಬಂದಿದ್ದ ಎನ್ನುತ್ತಿದ್ದರು. ಆದರೆ ಬೆಳಿಗ್ಗೆ ರೇಡಿಯೋವನ್ನು ಮಾತ್ರ ಪ್ರತಿದಿನ ಸರಿಯಾದ ಸದ್ದಿಗೇ ಹಚ್ಚುತ್ತಿದ್ದರು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ರೇಡಿಯೋ ಕೇಳಿಸುತ್ತದೆ, ಮಗ ಕೇಳಿಸುವುದಿಲ್ಲ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಅವ್ವನ ಕೊನೆಯ ದಿನಗಳಲ್ಲಿ ನಾನು ಆಫೀಸು ಆಫೀಸು ಎಂದು ಓಡಾಡಿದ್ದಕ್ಕೆ ಅವರು ನನ್ನೊಡನೆ ಮಾತು ಬಿಟ್ಟಿದ್ದಾರೆ ಎಂದೇ ತಿಳಿದಿದ್ದೆ.

ಅದು ಹೈದರಾಬಾದಿನ ಅಂಚಿನ ಮಾದಾಪುರದಲ್ಲಿ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ. ಮಧ್ಯಾಹ್ನದ ಸ್ಫೋಟಕ್ಕೆ ನನ್ನ ಮೇಜಿನ ಮೇಲಿನ ಚಹಾ ನಡುಗುತ್ತಿತ್ತು. ಭೌತಶಾಸ್ತ್ರ ಓದಿ ನಾನು ಅಮೆರಿಕದ ಯಾವುದೋ ವಿಮಾ ಕಂಪನಿಯ ಪ್ರೋಗ್ರಾಮುಗಳನ್ನು ತಿದ್ದುತ್ತಿದ್ದೆ. ಆ ಜನವರಿಯಲ್ಲಿ ನಮ್ಮ ಟೀಮಿನ ಐದು ಜನ ಸಮುದ್ರ ತೀರದಲ್ಲಿ ಗುಡಾರ ಹಾಕಿ ಎರಡು ದಿನ ಇರುವುದು, ಒಂದು ದಿನ ಮೀನುಗಾರರ ದೋಣಿಯಲ್ಲಿ ಆಳ ಸಮುದ್ರಕ್ಕೆ ಹೋಗಿ ಮೀನು ಹಿಡಿಯುವುದು ಎಂದು ಗೊತ್ತಾಯಿತು. ಫಣಿಯ ಊರು ಆಂಧ್ರದ ಕರಾವಳಿಯಲ್ಲಿ, ಚೀರಾಲದ ಕಡೆ. ದೋಣಿಯವನನ್ನು ಅವನೇ ಗೊತ್ತುಮಾಡಿದ. ಅಪ್ಪ ಒಬ್ಬರೇ ಆಗುತ್ತಾರೆ ಎಂದು ನಾನು ಹಿಂಜರಿದಾಗ, "ಅವರನ್ನೂ ಕರ್ಕೊಂಡು ಬಾ. ನಿನಗಿಂತ ಅವರೇ ವಾಸಿ, ಸುಮ್ಮನಾದರೂ ಇರುತ್ತಾರೆ" ಎಂದ.

ಅಪ್ಪ ಅಲ್ಲಿಯವರೆಗೆ ಸಮುದ್ರ ನೋಡಿರಲಿಲ್ಲ. ಸಿಕಂದರಾಬಾದಿನಲ್ಲಿ ರಾತ್ರಿಯ ರೈಲು ಹತ್ತುವಾಗ ಅವರ ಕೈಯಲ್ಲಿ ಬಟ್ಟೆಯ ಚೀಲದ ಜೊತೆ ಕ್ಯಾನ್ವಾಸಿನ ಸುರುಳಿಯೊಂದಿತ್ತು. ಅದರಲ್ಲಿ ಪಾನಾ, ಇಕ್ಕಳ, ಆ ಉದ್ದನೆಯ ಸ್ಕ್ರೂಡ್ರೈವರ್. "ಸಮುದ್ರಕ್ಕೆ ಇದು ಯಾಕ್ರಿ ಅಪ್ಪ?" ಎಂದು ಅವರ ಮುಖದ ಮುಂದೆ ಸುರುಳಿ ಹಿಡಿದು ಕೇಳಿದೆ. "ಇರ್ಲಿ ಬಿಡು, ಅದೇನು ಅನ್ನ ಕೇಳ್ತೈತೇನು" ಎಂದರು.

ಮರುದಿನ ಮಧ್ಯಾಹ್ನ ಗಾಳಿಮರಗಳ ತೋಪಿನಲ್ಲಿ ಗುಡಾರ ಹಾಕಿದೆವು. ದೋಣಿಯವನ ಹೆಸರು ಪೋಲಯ್ಯ, ನಲವತ್ತರ ಆಸುಪಾಸಿನವನು. ಅವನ ತಮ್ಮ ಚಿನ್ನ ಬೇರೆ ದೋಣಿಯಲ್ಲಿ ಒಬ್ಬನೇ ಬಲೆ ಹಾಕಲು ಹೊರಟು ನಿಂತಿದ್ದ. ಆ ಕಡೆಯ ಫೈಬರ್ ದೋಣಿಗಳಲ್ಲಿ ಉದ್ದ ಬಾಲದ, ಅಂದರೆ ಉದ್ದನೆಯ ಸರಳಿನ ತುದಿಗೆ ಪಂಖವಿರುವ, ಡೀಸೆಲ್ ಇಂಜಿನ್ ಇರುತ್ತದೆ. ಹಿಂದುಗಡೆ ಒಂದು ಕೀಲಿನ ಮೇಲೆ ಅದನ್ನು ಕೂರಿಸಿರುತ್ತಾರೆ. ಚಿನ್ನ ಇಂಜಿನ್ ಚಾಲೂ ಮಾಡಿದ. ಅಪ್ಪ ಮೊಣಕಾಲ ನೀರಿಗಿಳಿದು ಹೋಗಿ ಅದರ ಮೇಲೆ ಅಂಗೈ ಇಟ್ಟರು. ಇನ್ನೊಂದು ಕೈಯ ಬೆರಳುಗಳು ದೋಣಿಯ ಅಂಚನ್ನು ಬಡಿಯತೊಡಗಿದವು. ನಾಲ್ಕು ಹೊಡೆತ, ಒಂದು ಬಿಡುವು. ಮತ್ತೆ ನಾಲ್ಕು ಹೊಡೆತ, ಒಂದು ಬಿಡುವು.

"ನಾಕಕ್ಕ ಒಂದು ಏಟು ನುಂಗಾಕತ್ತೈತಿ. ಮತ್ತ ಕೀಲು ಸಡ್ಲ ಆಗೇತಿ, ಅಲಗಾಡ್ತೈತಿ. ಅರ್ಧಾ ತಾಸು ಕೊಡು ಅನ್ನು, ಬಿಗಿ ಮಾಡಿ ಕೊಡ್ತೀನಿ" ಎಂದು ನನಗೆ ಹೇಳಿದರು. ನಾನು ತೆಲುಗಿನಲ್ಲಿ ಹೇಳಿದೆ. ಚಿನ್ನ ನಕ್ಕ. ಅದು ಹೋದ ವಾರದಿಂದಲೂ ಹಾಗೇ ಇದೆ, ಅದರ ಮಾತು ಅದಕ್ಕೆ, ನನ್ನ ಮಾತು ನನಗೆ ಎಂದ. "ತಾತಾ, ನಾಳೆ ಬೆಳಿಗ್ಗೆ ಬಂದ ಮೇಲೆ ಅದೂ ನಿಮ್ಮದೇ, ನಾನೂ ನಿಮ್ಮವನೇ" ಎಂದು ಕೈಮುಗಿದು ದೋಣಿ ತಿರುಗಿಸಿದ.

ಅಪ್ಪ ಸಂಜೆಯೆಲ್ಲ ನೀರಿನತ್ತ ನೋಡುತ್ತ ಕೂತಿದ್ದರು. ಮೊದಲ ಸಲ ಸಮುದ್ರ ನೋಡುವವರು ಹಾಗೆಯೇ ಕೂರುತ್ತಾರೆ ಎಂದುಕೊಂಡೆ. ಅನ್ನ, ಮೀನಿನ ಸಾರು ತಂದುಕೊಟ್ಟಾಗ, "ಹೋಗಗೊಡಬಾರದಿತ್ತು" ಎಂದಷ್ಟೇ ಹೇಳಿದರು.

ಬೆಳಿಗ್ಗೆ ನಾವು ಟೋಪಿ, ಕ್ಯಾಮೆರಾ, ಬಿಸ್ಕತ್ತು ಎಲ್ಲ ಸಿದ್ಧಮಾಡಿಕೊಂಡು ದಡಕ್ಕೆ ಹೋದರೆ ಪೋಲಯ್ಯ ಕೈಯಾಡಿಸಿದ. ಬೆಳಕು ಹರಿಯುವ ಮುಂಚೆ ಬರಬೇಕಿದ್ದ ಚಿನ್ನ ಬಂದಿರಲಿಲ್ಲ. ಅವನ ಹೆಂಡತಿ ತಲೆಯ ಮೇಲೆ ಸೆರಗು ಹೊದ್ದು ಮರಳಿನಲ್ಲಿ ಕೂತಿದ್ದಳು. ಉಳಿದ ದೋಣಿಗಳು ಆಗಲೇ ದಕ್ಷಿಣದ ಕಡೆ ಹುಡುಕಲು ಹೋಗಿದ್ದವು. ಇವತ್ತು ಮೀನೂ ಇಲ್ಲ ಏನೂ ಇಲ್ಲ ಸಾರ್, ನಾನೂ ಹುಡುಕಲು ಹೊರಟೆ ಎಂದ ಪೋಲಯ್ಯ. ನಾವು ಐವರೂ ಮುಖ ಮುಖ ನೋಡುತ್ತ ನಿಂತೆವು. ಅಷ್ಟರಲ್ಲಿ ಅಪ್ಪ ಪಂಚೆ ಮೇಲೆ ಕಟ್ಟಿ, ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ದೋಣಿ ಹತ್ತಿ ಕೂತುಬಿಟ್ಟಿದ್ದರು.

ಅವರಿಗೆ ಕೇಳಿಸಿಲ್ಲ, ಮೀನು ಹಿಡಿಯಲು ಹೊರಟಿದ್ದೇವೆ ಎಂದುಕೊಂಡಿದ್ದಾರೆ ಎನಿಸಿ ನಾನು ನೀರಿಗಿಳಿದು ಕೂಗಿದೆ. "ಅಪ್ಪಾ, ಇಳೀರಿ! ಇದು ನಮ್ಮ ಟ್ರಿಪ್ ಅಲ್ರಿ, ಆ ಹುಡುಗ ಬಂದಿಲ್ಲಂತ!"

ಅವರು ನನ್ನ ತುಟಿಗಳನ್ನೇ ನೋಡಿದರು. "ಗೊತ್ತೈತಿ. ಬರೋದಿದ್ರ ಹತ್ತು, ಇಲ್ಲಂದ್ರ ಬಿಡು" ಎಂದರು. ಹತ್ತಿದೆ.

ಒಂದು ತಾಸಿನ ಮೇಲೆ ದಡ ಕಾಣದಾಯಿತು. ಮೀನುಗಾರರು ದಡದ ಎರಡು ಗುರುತುಗಳನ್ನು ಒಂದರ ಹಿಂದೆ ಒಂದು ಸಾಲಾಗಿಸಿಕೊಂಡು ತಾವೆಲ್ಲಿದ್ದೇವೆ ಎಂದು ತಿಳಿಯುತ್ತಾರಂತೆ. ಅಂದು ಗುರುತುಗಳೇ ಇರಲಿಲ್ಲ. ಹಾಲು ಕಲಸಿದಂಥ ಬೆಳ್ಳನೆಯ ಮಂಜು. ನನ್ನ ನೆನಪಿನಲ್ಲಂತೂ ಹಾಗಿದೆ. ಪೋಲಯ್ಯ ಇಂಜಿನ್ ನಿಲ್ಲಿಸಿ, ಹುಟ್ಟುಗೋಲಿನ ಅಗಲ ತುದಿಯನ್ನು ನೀರಿನಲ್ಲಿ ಇಳಿಸಿ, ಮೇಲಿನ ತುದಿಗೆ ಕಿವಿಯಿಟ್ಟ. ಮೀನಿನ ಹಿಂಡು ಎಲ್ಲಿದೆ ಎಂದು ಅವನ ಅಪ್ಪ ಹೀಗೆಯೇ ಕೇಳಿಸಿಕೊಳ್ಳುತ್ತಿದ್ದನಂತೆ. ಅವನು ಈಗ ಕೇಳುತ್ತಿದ್ದುದು ತಮ್ಮನ ಇಂಜಿನ್ನಿನ ಸದ್ದಿಗಾಗಿ. ಸ್ವಲ್ಪ ಹೊತ್ತಿನ ಮೇಲೆ ಇಲ್ಲವೆಂದು ತಲೆಯಾಡಿಸಿದ. ನಾನೂ ಕಿವಿಯಿಟ್ಟೆ. ನೀರು ಕಟ್ಟಿಗೆಗೆ ತಾಗುವ ಗುಳುಗುಳು ಬಿಟ್ಟು ಬೇರೇನೂ ಇಲ್ಲ.

ಅಪ್ಪ ಇದನ್ನೆಲ್ಲ ಕಣ್ಣರಳಿಸಿ ನೋಡುತ್ತಿದ್ದರು. "ಅರೆ, ನಮ್ಮ ಕೆಲಸಾನ ಇದು" ಎಂದು ಕೈಚಾಚಿ ಹುಟ್ಟುಗೋಲು ಇಸಿದುಕೊಂಡರು. ಮೊದಲು ಬಲಗಿವಿ, ಆಮೇಲೆ ಎಡಗಿವಿ. ಆಮೇಲೆ ಮೇಲಿನ ತುದಿಯನ್ನು ಪಂಚೆಯ ಅಂಚಿನಿಂದ ಒರೆಸಿ, ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚಿದರು. ನನಗೆ ನಾಚಿಕೆಯಾಯಿತು. ತಮ್ಮನನ್ನು ಕಳೆದುಕೊಂಡವನ ಮುಂದೆ ನಮ್ಮ ಮುದುಕ ಹುಟ್ಟುಗೋಲು ಕಚ್ಚಿಕೊಂಡು ಕೂತಿದ್ದಾನಲ್ಲ ಎನಿಸಿತು. ಸಾಕು ಬನ್ನಿ ಎಂದು ಭುಜ ಮುಟ್ಟಲು ಹೋದೆ.

ಆಗ ಅವರ ಬೆರಳುಗಳು ದೋಣಿಯ ಅಂಚನ್ನು ಬಡಿಯತೊಡಗಿದವು. ನಾಲ್ಕು ಹೊಡೆತ, ಒಂದು ಬಿಡುವು.

ಪೋಲಯ್ಯನ ಮುಖ ಬದಲಾಯಿತು. ಅವನಿಗೆ ನಮ್ಮ ಕನ್ನಡ ಬಾರದು, ಆದರೆ ಆ ಬಡಿತ ಬರುತ್ತಿತ್ತು. "ಅದು ನಮ್ಮದೇ. ಯಾವ ಕಡೆ ಅಂತ ಕೇಳಿ ಸಾರ್!" ಎಂದು ನನ್ನ ತೋಳು ಹಿಡಿದ. ಅಪ್ಪ ಹುಟ್ಟುಗೋಲನ್ನು ಒಮ್ಮೆ ಎಡಬದಿಗೆ, ಒಮ್ಮೆ ಬಲಬದಿಗೆ ಇಳಿಸಿ ಕಚ್ಚಿದರು. ಆಮೇಲೆ ಕೈ ಚಾಚಿ ತೋರಿಸಿದ್ದು ಉತ್ತರಕ್ಕೆ. ನೀರಿನ ಸೆಳೆತ ದಕ್ಷಿಣಕ್ಕಿದೆ, ಅತ್ತ ಹೇಗೆ ಹೋಗುತ್ತಾನೆ ಎಂದು ಪೋಲಯ್ಯ ಗೊಣಗಿದ. ಆದರೂ ದೋಣಿಯನ್ನು ಉತ್ತರಕ್ಕೇ ತಿರುಗಿಸಿದ.

ಹೀಗೆ ಮೂರು ಸಲ ನಿಲ್ಲಿಸಿದೆವು. ಮೂರು ಸಲವೂ ಅಪ್ಪ ಕಚ್ಚಿ ಕೂತರು, ಬೆರಳು ಬಡಿದರು, ದಿಕ್ಕು ತೋರಿಸಿದರು. ಎರಡನೆಯ ಸಲ ಅವರು "ಹತ್ತ್ರ ಐತಿ, ಪಾಪ, ಭಾಳ ದಣದೈತಿ" ಎಂದರು. ಹುಡುಗನ ಬಗ್ಗೆ ಅಲ್ಲ, ಇಂಜಿನ್ನಿನ ಬಗ್ಗೆ. ಮೂರನೆಯ ಸಲ ನಾನೂ ಇಸಿದುಕೊಂಡು ಕಚ್ಚಿದೆ. ಕಟ್ಟಿಗೆ ಉಪ್ಪಾಗಿತ್ತು, ಅಪ್ಪನ ಎಂಜಲಿನಿಂದ ಬೆಚ್ಚಗಿತ್ತು. ಒಂದು ಕ್ಷಣ ಏನೋ ಬಡಿದಂತಾಯಿತು. ಅದು ನನ್ನ ನಾಡಿಯೇ ಇರಬೇಕು. ಇದನ್ನು ಸಾಕ್ಷಿಯೆಂದು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಾಲ್ಕನೆಯ ಸಲ ಅಪ್ಪ ತಟ್ಟನೆ ಹುಟ್ಟುಗೋಲನ್ನು ಬಾಯಿಂದ ತೆಗೆದು, "ಬಂದ್ ಆತು ನೋಡು" ಎಂದರು. ತಲೆಯೆತ್ತಿದರೆ ಮಂಜಿನಲ್ಲಿ ನೀಲಿ ದೋಣಿಯ ಮೂತಿ ಕಂಡಿತು.

ಚಿನ್ನ ಬಲೆಯ ರಾಶಿಯ ಮೇಲೆ ಮುದುಡಿ ಮಲಗಿದ್ದ. ತುಟಿ ಒಡೆದಿತ್ತು, ಉಸಿರಾಡುತ್ತಿದ್ದ. ಪೋಲಯ್ಯ ಅವನನ್ನು ಎತ್ತಿ ಕೂರಿಸಿ, ಬೈದು, ಕೆನ್ನೆಗೊಂದು ಹೊಡೆದು, ಆಮೇಲೆ ತಬ್ಬಿಕೊಂಡ. ಅಪ್ಪ ನೀರು ಕುಡಿಸಿದರು, ಗುಟುಕು ಗುಟುಕಾಗಿ, ಜ್ವರ ಬಂದ ಮಗುವಿಗೆ ಕುಡಿಸುವ ಹಾಗೆ. ನನಗೂ ಒಂದು ಕಾಲದಲ್ಲಿ ಹಾಗೆ ಕುಡಿಸಿದ್ದರು.

ನಾನು ದೋಣಿಯ ಹಿಂಭಾಗ ನೋಡಿದ್ದು ಆಗ. ಅಲ್ಲಿ ಇಂಜಿನ್ ಇರಲಿಲ್ಲ. ಮುರಿದ ಬೋಲ್ಟಿನ ಮೊಂಡು ತುದಿ ಮಾತ್ರ ಉಳಿದಿತ್ತು. ಹಿಂದಿನ ದಿನ ಹೊತ್ತು ಮುಳುಗುವ ಮುಂಚೆಯೇ ಕೀಲು ಮುರಿದು ಇಂಜಿನ್ ನೀರಿಗೆ ಹೋಯಿತು ಎಂದ ಚಿನ್ನ. ಗಾಳಿ ಅವನನ್ನು ಉತ್ತರಕ್ಕೆ ತಳ್ಳಿತ್ತು. ಪೋಲಯ್ಯ ನನ್ನನ್ನು ನೋಡಿದ, ನಾನು ಅಪ್ಪನನ್ನು ನೋಡಿದೆ. ಅಪ್ಪ ಆ ಮುರಿದ ತುದಿಯನ್ನು ಹೆಬ್ಬೆರಳಿನಿಂದ ಸವರಿ, "ಅರ್ಧಾ ತಾಸಿನ ಕೆಲಸ ಇತ್ತು" ಎಂದರು.

ರೈಲಿನಲ್ಲಿ ವಾಪಸು ಬರುವಾಗ ನಾನು ಅವರ ಎದುರಿಗೆ, ಅವ್ವ ಕೂರುತ್ತಿದ್ದ ಹಾಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತೆ. "ಏನು ಕೇಳಿಸ್ತು ಅಪ್ಪ, ಖರೇ ಹೇಳ್ರಿ" ಎಂದೆ.

"ಕಿವಿಲೆ ಅಲ್ಲೋ."

"ಮತ್ತ ಯಾತರಲೆ?"

ಅವರು ಕಿತ್ತಳೆ ಸುಲಿದು, ನಾರು ತೆಗೆದು, ಅರ್ಧ ನನ್ನ ಕೈಗಿಟ್ಟರು. ಅಂದಿನಿಂದ ನಾನು ಅವರೊಡನೆ ಎದುರಿಗೆ ಕೂತೇ ಮಾತಾಡತೊಡಗಿದೆ. ಅವರೂ ಮಾತಾಡಿದರು. ಆರು ವರ್ಷ ನಾವು ಚೆನ್ನಾಗಿಯೇ ಇದ್ದೆವು.

ವಿವರಣೆಯೊಂದನ್ನು ನಾನು ಬೇಗನೆ ಹುಡುಕಿಕೊಂಡೆ. ಚಿನ್ನ ಸಹಾಯಕ್ಕಾಗಿ ಡಬ್ಬಿಯನ್ನೋ ದೋಣಿಯ ಮೈಯನ್ನೋ ಬಡಿದಿರಬೇಕು. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಹೋಗುತ್ತದೆ, ಬಹಳ ದೂರ ಹೋಗುತ್ತದೆ. ಅಪ್ಪನ ಹೊರಗಿವಿ ಕೆಟ್ಟಿದ್ದರೂ ಹಲ್ಲು, ಎಲುಬಿನ ಮೂಲಕ ಅದು ಒಳಗಿವಿಗೆ ತಲುಪಿದೆ. ಬಡಿದೆಯಾ ಎಂದು ಆ ದಿನವೇ ಚಿನ್ನನನ್ನು ಕೇಳಿದ್ದೆ. ಸಂಜೆ ಬಡಿದದ್ದು ನೆನಪಿದೆ, ಬೆಳಿಗ್ಗೆ ಬಡಿದೆನೋ ಇಲ್ಲವೋ ಗೊತ್ತಿಲ್ಲ ಎಂದಿದ್ದ. ನನಗೆ ಅಷ್ಟು ಸಾಕಾಗಿತ್ತು. ನಾಲ್ಕು ಹೊಡೆತ, ಒಂದು ಬಿಡುವು ಎಂಬುದನ್ನು ಕಾಕತಾಳೀಯ ಎಂದು ಬದಿಗಿಟ್ಟು, ಆಫೀಸಿನ ಕ್ಯಾಂಟೀನಿನಲ್ಲಿ ಈ ಕಥೆಯನ್ನು ಎಲುಬಿನ ಮೂಲಕ ಸದ್ದು ಸಾಗುವುದಕ್ಕೆ ಉದಾಹರಣೆಯಾಗಿ ಹೇಳುತ್ತಿದ್ದೆ.

ಅಪ್ಪ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ, ಸ್ಕ್ರೂಡ್ರೈವರಿನ ಸುರುಳಿಯ ಕೆಳಗೆ, ನಾಲ್ಕು ಮಡಿಕೆ ಮಾಡಿದ ಕಾಗದವೊಂದು ಸಿಕ್ಕಿತು. ಶ್ರವಣ ಪರೀಕ್ಷೆಯ ವರದಿ; ಎರಡೂ ಕಿವಿ ಹೋಗಿವೆ ಎಂಬಷ್ಟು ನನಗೂ ತಿಳಿಯಿತು. ಜೊತೆಗೆ ಬಂದವರು ಎಂಬಲ್ಲಿ ಅವ್ವನ ಸಹಿ, ಕನ್ನಡದಲ್ಲಿ, ಅಕ್ಷರ ಅಕ್ಷರ ಬಿಡಿಸಿ ಬರೆದದ್ದು. ನನಗೆ ಇಬ್ಬರೂ ಹೇಳಿರಲಿಲ್ಲ. ಎದ್ದು ಹೋಗಿ ರೇಡಿಯೋ ನೋಡಿದೆ. ಸದ್ದಿನ ಗುಂಡಿಯ ಮೇಲೆ ಕೆಂಪು ಉಗುರು ಬಣ್ಣದ ಸಣ್ಣ ಚುಕ್ಕಿಯಿತ್ತು, ಪೆಟ್ಟಿಗೆಯ ಮೇಲೆ ಅದಕ್ಕೆ ಎದುರಾಗಿ ಇನ್ನೊಂದು. ಅವ್ವ ಇಟ್ಟುಹೋದದ್ದು. ಎರಡನ್ನೂ ಕೂಡಿಸಿದರೆ ಮನೆಯವರಿಗೆ ಹಿತವಾಗುವಷ್ಟು ಸದ್ದು. ಅಪ್ಪ ದಿನಾ ಬೆಳಿಗ್ಗೆ ಅದನ್ನು ಹಚ್ಚುತ್ತಿದ್ದುದು ನನಗಾಗಿ.

ಆ ಕಾಗದವನ್ನು ಹಿಮಾಯತ್‌ನಗರದ ಕಿವಿ ಡಾಕ್ಟರೊಬ್ಬರಿಗೆ ತೋರಿಸಿದೆ. ಅಷ್ಟಕ್ಕೆ ಬಿಡದೆ ಸಿಕಂದರಾಬಾದಿನ ಇನ್ನೊಬ್ಬರಿಗೂ ತೋರಿಸಿದೆ. ಇಬ್ಬರೂ ಒಂದೇ ಮಾತು ಹೇಳಿದರು. ಕಾರ್ಖಾನೆಯ ಸದ್ದು ಸ್ವಲ್ಪ ತಿಂದಿದೆ, ಉಳಿದದ್ದನ್ನು ಬಹುಶಃ ಆ ಇಂಜೆಕ್ಷನ್ನುಗಳು ತಿಂದಿವೆ; ಕೆಟ್ಟದ್ದು ಹೊರಗಿವಿಯಲ್ಲ, ಒಳಗಿವಿ. ಓಡುವ ಇಂಜಿನ್ನಿನ ಮೇಲೆ ಅಂಗೈ ಇಟ್ಟರೆ ನಡುಕ ಯಾರಿಗಾದರೂ ಗೊತ್ತಾದೀತು. ಆದರೆ ದೂರದ ಸದ್ದು, ಅದು ಗಾಳಿಯಿಂದ ಬರಲಿ, ಎಲುಬಿನಿಂದ ಬರಲಿ, ಹಲ್ಲಿನಲ್ಲಿ ಏನನ್ನೇ ಕಚ್ಚಿ ಹಿಡಿಯಲಿ, ಈ ಮನುಷ್ಯನಿಗೆ ಎರಡೂ ಕಿವಿಗಳಲ್ಲಿ ಏನೇನೂ ಕೇಳಿಸುತ್ತಿರಲಿಲ್ಲ. ಕಾಗದದ ಮೇಲಿನ ತಾರೀಖನ್ನೂ, ನಾನು ಎತ್ತಿಟ್ಟುಕೊಂಡಿದ್ದ ಚೀರಾಲದ ರೈಲು ಟಿಕೆಟ್ಟನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ್ದೇನೆ. ಆ ಪರೀಕ್ಷೆ ಆದದ್ದು ನಾವು ಸಮುದ್ರಕ್ಕೆ ಹೋಗುವ ಹನ್ನೊಂದು ತಿಂಗಳು ಮೊದಲು.